ಸಂಜೆ ಆರಕ್ಕೆ ಕುಣಿತ

ಕೆನ್ಯಾದ ಅನೇಕ ಸಫಾರಿ ಲಾಡ್ಜುಗಳಲ್ಲಿ ಬೆಳಿಗ್ಗೆ ಸಿಂಹ, ಸಂಜೆ ಮಸಾಯಿ ಕುಣಿತ. ಸಿಂಹ ಕಾಣದಿದ್ದರೆ ಅತಿಥಿ ಅದೃಷ್ಟವನ್ನು ಹಳಿಯುತ್ತಾನೆ. ಕುಣಿತ ತಪ್ಪಿದರೆ ಮ್ಯಾನೇಜರನ್ನು. ಬರದೇ ಇರುವ ಸ್ವಾತಂತ್ರ್ಯ ಮೃಗಕ್ಕೆ ಇದೆ, ಮನುಷ್ಯನಿಗೆ ಇಲ್ಲ.

ಇದು ಬರೀ ಶಿಷ್ಟಾಚಾರದ ಮಾತಲ್ಲ. 1959ರಲ್ಲಿ, ಗಡಿಯಾಚೆಯ ಇಂದಿನ ತಾಂಜಾನಿಯಾದಲ್ಲಿ, ಬ್ರಿಟಿಷ್ ಆಡಳಿತ ಸೆರೆಂಗೆಟಿಯಲ್ಲಿ ದನ ಮೇಯಿಸುತ್ತಿದ್ದ ಮಸಾಯಿಗಳನ್ನು ಗೊರೊಂಗೊರೊ ಕಡೆಗೆ ಸಾಗಹಾಕಿತು. ಆಗ ಅವರು ವನ್ಯಲೋಕಕ್ಕೆ ಅಡ್ಡಿ. ಈಗ ಅದೇ ಲೋಕದ ಅಲಂಕಾರ. ಎರಡು ಸಲವೂ ಪಾತ್ರ ಹಂಚಿದವರು ಹೊರಗಿನವರು.

ಹಾಗೆಂದು ಕುಣಿತ ಬರೀ ನಾಟಕವೆಂದು ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಬರಗಾಲದಲ್ಲಿ ದನ ಕಳೆದುಕೊಂಡ ಮನೆಗೆ ಆ ಸಂಪಾದನೆ ಸಣ್ಣದಲ್ಲ. (ಮೂಗು ಮುರಿಯುವವರೂ ಸಾಮಾನ್ಯವಾಗಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.) ಕೇಳಬೇಕಾದ್ದು, ಲಾಡ್ಜು ಯಾರದು ಎಂದು. ಕೆನ್ಯಾದ ಲೈಕಿಪಿಯಾದಲ್ಲಿ 1996ರಲ್ಲಿ ತೆರೆದ ಇಲ್ ಎನ್‌ಗ್ವೇಸಿ ಲಾಡ್ಜು ಅಲ್ಲಿನ ಮಸಾಯಿ ಸಮುದಾಯದ ಸ್ವತ್ತು. ಫೋಟೋದಲ್ಲಿ ಈ ವ್ಯತ್ಯಾಸ ಕಾಣದು. ಅದೇ ಕೆಂಪು ಶುಕಾ, ಅದೇ ಮಣಿಸರ. ಆದರೆ ಊರಲ್ಲೊಂದು ಸಾವಾದ ದಿನ “ಇವತ್ತು ಕುಣಿತವಿಲ್ಲ” ಎನ್ನಲು ಹೊರಗಿನ ಯಜಮಾನನ ಅಪ್ಪಣೆ ಬೇಕಿಲ್ಲ. ಆಗ ಅತಿಥಿ ದುಡ್ಡು ವಾಪಸ್ ಕೇಳುತ್ತಾನೋ, ಸಿಂಹ ಬರದ ಬೆಳಗಿನಂತೆ ಸುಮ್ಮನಿರುತ್ತಾನೋ?