ಸ್ವಂತ ಹಾಡಿಗೆ ಅರ್ಧ ಗಂಟೆ

ಹೊರಗಿನವರಿಗೆ ಯಲಹಂಕ ಎಂದರೆ ಯುದ್ಧವಿಮಾನಗಳ ಊರು. ಅಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ಮೊದಲ ಸಲ ನಡೆದದ್ದು 1996ರಲ್ಲಿ. ಅದೇ ವರ್ಷ ‘ಸುನೋ’ ಎಂಬ ಹಿಂದಿ ಆಲ್ಬಮ್ ಹೊರಬಂತು. ಅದರ ‘ಓ ಸನಮ್’ ಹಾಡು ಕ್ಯಾಸೆಟ್ ಅಂಗಡಿಗಳಿಂದ, ಕೇಬಲ್ ಟಿ.ವಿ.ಯಿಂದ ಕಾಲೇಜು ಹಾಸ್ಟೆಲ್‌ಗಳವರೆಗೆ ಹಬ್ಬಿತು. ಗಿಟಾರ್ ಕೈಗೆತ್ತಿಕೊಂಡ ಎಷ್ಟೋ ಹುಡುಗರು ಇವತ್ತಿಗೂ ಅದನ್ನು ನುಡಿಸುತ್ತಾರೆ. ಅದನ್ನು ಹಾಡಿದ ಲಕ್ಕಿ ಅಲಿ ಯಲಹಂಕದ ಹೊರವಲಯದ ತೋಟದ ಮನುಷ್ಯ. ನಮ್ಮ ಊರಿನ ಅಂಚಿನಲ್ಲೇ ಇರುವ ಈ ಹಾಡುಗಾರನ ವೃತ್ತಿಬದುಕನ್ನು ನಾವು ಸ್ವಲ್ಪ ಗಮನವಿಟ್ಟು ನೋಡಬೇಕು. ಮಗನೋ ಮಗಳೋ ಹಾಡನ್ನೇ ನಂಬಿ ಬದುಕುತ್ತೇನೆ ಎಂದು ಹಟ ಹಿಡಿದಿರುವ ಮನೆಗಳಲ್ಲಂತೂ ನೋಡಲೇಬೇಕು.

ತಂದೆ ಮೆಹಮೂದ್, ಹಿಂದಿ ಚಿತ್ರರಂಗವನ್ನು ದಶಕಗಳ ಕಾಲ ನಗಿಸಿದವರು. ಮೀನಾ ಕುಮಾರಿ ದೊಡ್ಡಮ್ಮ. ಸಿನಿಮಾದ ಬಾಗಿಲು ಹುಟ್ಟಿದಂದಿನಿಂದಲೇ ತೆರೆದಿತ್ತು. ಬಾಲನಟನಾಗಿಯೂ, ಮುಂದೆ 1985ರಲ್ಲಿ ಶ್ಯಾಮ್ ಬೆನಗಲ್ ಅವರ ‘ತ್ರಿಕಾಲ್’ನಲ್ಲೂ ಅವರು ನಟಿಸಿದರು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ರತ್ನಗಂಬಳಿ ತೊಳೆಯುವ ಕೆಲಸ, ಸಮುದ್ರದಲ್ಲಿ ಎಣ್ಣೆ ತೆಗೆಯುವ ರಿಗ್‌ನ ಕೆಲಸ, ಬೇಸಾಯ ಎಲ್ಲವನ್ನೂ ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಹುಟ್ಟಿದ್ದು 1958ರ ಸೆಪ್ಟೆಂಬರ್‌ನಲ್ಲಿ. ಹೆಸರು ತಂದ ಮೊದಲ ಆಲ್ಬಮ್ ಬರುವ ಹೊತ್ತಿಗೆ ವಯಸ್ಸು ನಲವತ್ತರ ಹತ್ತಿರ. ಇಪ್ಪತ್ತೈದಕ್ಕೆ ‘ಇನ್ನೂ ಸೆಟಲ್ ಆಗಿಲ್ವಾ’ ಎಂದು ಕೇಳುವ ನಮ್ಮ ನೆಂಟರಿಷ್ಟರ ಲೆಕ್ಕದಲ್ಲಿ ಅವರು ಎಂದೋ ಸೋತು ಮನೆಗೆ ಹೋಗಬೇಕಿತ್ತು.

ಸ್ವತಂತ್ರ ಹಾಡುಗಾರ ಎಂದ ಮಾತ್ರಕ್ಕೆ ಒಬ್ಬಂಟಿ ಎಂದಲ್ಲ. ‘ಓ ಸನಮ್’ ಸಾಹಿತ್ಯ ಸೈಯದ್ ಅಸ್ಲಂ ನೂರ್ ಅವರದು. ಧ್ವನಿಮುದ್ರಣಕ್ಕೆ ರೂಪ ಕೊಟ್ಟ ಮೈಕಿ ಮೆಕ್ಲಿಯರಿ ನ್ಯೂಜಿಲೆಂಡ್ ಮೂಲದವರು. ಸ್ವಾತಂತ್ರ್ಯ ಇದ್ದದ್ದು ಬೇರೆಡೆ. ನಾಯಕನ ಮುಖಕ್ಕೆ ಹೊಂದಬೇಕೆಂಬ ಕಟ್ಟು ಆ ಹಾಡಿಗಿರಲಿಲ್ಲ, ಕಥೆಯ ಯಾವುದೋ ತಿರುವಿಗೆ ಬಂದು ಸೇರಬೇಕೆಂಬ ಅವಸರವೂ ಇರಲಿಲ್ಲ. 2000ದಲ್ಲಿ ‘ಕಹೋ ನಾ ಪ್ಯಾರ್ ಹೈ’ ಸಿನಿಮಾಕ್ಕೆ ಲಕ್ಕಿ ಅಲಿ ಹಾಡಿದ ಹಾಡುಗಳು ಗೆದ್ದು, ಮರುವರ್ಷ ‘ನಾ ತುಮ್ ಜಾನೋ ನಾ ಹಮ್’ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಅಲ್ಲಿಂದ ಮುಂದೆ ಹಿನ್ನೆಲೆ ಗಾಯನದ ಹೆದ್ದಾರಿಯಲ್ಲೇ ಸಾಗಬಹುದಿತ್ತು. ಅವರು ತಮ್ಮ ಹಾಡಿಗೂ ತೋಟಕ್ಕೂ ಮರಳಿದರು. ‘ಸಿಫರ್’ ಆಲ್ಬಮ್ ಅದಕ್ಕೂ ಮೊದಲೇ, 1998ರಲ್ಲಿ ಬಂದಿತ್ತು. ಆಮೇಲೆ ‘ಅಕ್ಸ್’ 2001ರಲ್ಲಿ, ‘ಕಭೀ ಐಸಾ ಲಗ್ತಾ ಹೈ’ 2004ರಲ್ಲಿ, ‘ರಾಸ್ತಾ’ 2011ರಲ್ಲಿ. ಈ ವರ್ಷಗಳ ನಡುವಿನ ಖಾಲಿ ಜಾಗವನ್ನು ‘ಫೀಲ್ಡಿನಿಂದ ಔಟಾದರು’ ಎಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೇಳಲು ಏನೂ ಇಲ್ಲದಾಗ ಸುಮ್ಮನಿರಬಲ್ಲದ್ದೇ ಹಾಡುಗಾರನ ದೊಡ್ಡ ಶಕ್ತಿ, ಮತ್ತು ಅನ್ನಕ್ಕೆ ಇನ್ನೊಂದು ದಾರಿ ಇದ್ದವನಿಗೆ ಮಾತ್ರ ಆ ಮೌನ ಸಾಧ್ಯ. 2020ರ ನವೆಂಬರ್‌ನಲ್ಲಿ, ಗಡ್ಡ ನರೆತ ಲಕ್ಕಿ ಅಲಿ ಗಿಟಾರ್ ಹಿಡಿದು ಕೂತು ಅದೇ ‘ಓ ಸನಮ್’ ಹಾಡಿದ ಪುಟ್ಟ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಹಿಂದೆ ದೊಡ್ಡ ವಾದ್ಯವೃಂದವಿರಲಿಲ್ಲ. ಆ ಹಾಡಿಗೆ ಅದರ ಅಗತ್ಯವೂ ಇರಲಿಲ್ಲ.

ಹೀಗೆ ಸ್ವಂತ ಹಾಡನ್ನೇ ನಂಬಿ ಹಾಡುವುದು ನಮ್ಮ ನೆಲಕ್ಕೆ ಹೊಸ ಸಂಗತಿಯೇನಲ್ಲ. ಶಿಶುನಾಳ ಷರೀಫರು (1819–1889) ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದವರು. ಅವರೇ ಕಟ್ಟಿ ಅವರೇ ಹಾಡಿದ ಪದಗಳನ್ನು ಜನ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದರು. ಅವರ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಅಂಥ ಪದಗಳನ್ನು ಗಿಟಾರಿಗೂ ಡ್ರಮ್ಸಿಗೂ ಕೂಡಿಸಿ, ಜೊತೆಗೆ ತಮ್ಮದೇ ಹಾಡುಗಳನ್ನೂ ಕಟ್ಟಿದವರಲ್ಲಿ 2002ರಲ್ಲಿ ಮೈಸೂರಿನಲ್ಲಿ ಹುಟ್ಟಿದ ‘ಸ್ವರಾತ್ಮ’ ತಂಡದ ವಾಸು ದೀಕ್ಷಿತ್ ಒಬ್ಬರು. ಯಲಹಂಕ ಉಪನಗರದ ಸೃಷ್ಟಿ ಕಲಾಶಾಲೆಯ ನೆಲೆಯಲ್ಲಿ ಶಬ್ನಮ್ ವೀರ್ಮಾನಿ ಕಬೀರನನ್ನು ಹುಡುಕುತ್ತಾ ಹಳ್ಳಿಯ ಗಾಯಕರ ಹಿಂದೆ ವರ್ಷಗಟ್ಟಲೆ ಅಲೆದು ನಾಲ್ಕು ಸಾಕ್ಷ್ಯಚಿತ್ರ ಮಾಡಿದರು. ಕ್ಯಾಮೆರಾ ಹಿಡಿದು ಹೋದವರು ತಂಬೂರಿ ಹಿಡಿದು ಹಾಡುವವರಾದರು. ವಿಮಾನದ ಸದ್ದಿನ ಊರಿನಲ್ಲಿ ಇಷ್ಟೊಂದು ಹಾಡಿದೆ.

ಈಗಿನ ಹುಡುಗ ಹುಡುಗಿಯರ ಪಾಡು ಬೇರೆ. ಆರ್‌.ಟಿ. ನಗರದಲ್ಲೋ ಹೆಬ್ಬಾಳದಲ್ಲೋ ಬಾಡಿಗೆಯ ಒಂದು ಕೋಣೆ. ಕಿಟಕಿಗೆ ಕಂಬಳಿ, ಗೋಡೆಗೆ ಒರಗಿಸಿದ ಹಾಸಿಗೆ. ಔಟರ್ ರಿಂಗ್ ರಸ್ತೆಯ ಹಾರ್ನ್ ತಗ್ಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ರೆಕಾರ್ಡಿಂಗ್. ಕಿವಿಗೆ ಹೆಡ್‌ಫೋನ್ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಟಕ್ ಟಕ್ ಎನ್ನುವ ತಾಳ ಇಟ್ಟುಕೊಂಡು ಮೊದಲು ಗಿಟಾರ್. ಅದರ ಮೇಲೆ ಬೇಸ್, ಅದರ ಮೇಲೆ ಕೀಬೋರ್ಡ್, ಖಂಜಿರ. ಕಡೆಗೆ ದನಿ. ಒಂದು ಸಾಲು ಸರಿಯಾಗಿ ಬಂತು ಎನ್ನುವಷ್ಟರಲ್ಲಿ ತಲೆಯ ಮೇಲೆ ದೇವನಹಳ್ಳಿಯತ್ತ ವಿಮಾನವೊಂದು ಇಳಿಯುತ್ತದೆ. ಆ ಸಾಲು ಮತ್ತೆ ಮೊದಲಿನಿಂದ. ನಾಲ್ಕಾರು ವಾದ್ಯ ಒಬ್ಬರೇ ನುಡಿಸುತ್ತಾರೆ ಎಂದು ನಾವು ಬೆರಗಾಗುತ್ತೇವೆ. ಆ ಕಲಿಕೆಯ ಹಿಂದೆ ಪ್ರೀತಿ ಇದೆ ನಿಜ, ಜೊತೆಗೆ ಬೇರೆ ವಾದಕರಿಗೆ ಕೊಡಲು ದುಡ್ಡಿಲ್ಲ ಎಂಬ ಸತ್ಯವೂ ಇದೆ. ಬೇಸ್ ನುಡಿಸುವವರನ್ನು ಕರೆಸಲಾಗದವರು ಬೇಸ್ ಕಲಿಯುತ್ತಾರೆ. ಮಿಕ್ಸಿಂಗಿಗೆ ಹಣ ಸಾಲದವರು ಮಿಕ್ಸಿಂಗ್ ಕಲಿಯುತ್ತಾರೆ.

ಹೀಗೆ ಹುಟ್ಟಿದ ಹಾಡು ಆ್ಯಪ್‌ಗಳಿಗೆ ಏರುತ್ತದೆ. ಏರಿಸುವುದು ಸುಲಭ, ಗಳಿಸುವುದು ಕಷ್ಟ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೆ ತಂದಿದೆ. ಹೊಸಬರ ಕನ್ನಡ ಹಾಡಿಗೆ ಅದು ದೊಡ್ಡ ಹೊಸ್ತಿಲು. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ರಾಯಲ್ಟಿ ಹಕ್ಕನ್ನು ಕಾಪಾಡಿದೆ, ಅದು ಬಹಳ ದೊಡ್ಡ ಮಾತು. ಆದರೆ ಕೇಳುಗರೇ ಇಲ್ಲದಿದ್ದರೆ ಹಕ್ಕುಪತ್ರ ಹಿಡಿದು ಮಾಡುವುದೇನು? ಆಮೇಲೆ ಉಳಿಯುವುದು ವೇದಿಕೆ ಒಂದೇ. ಅಲ್ಲಿ ಸಂಘಟಕರ ಬಾಯಲ್ಲಿ ಬರುವ ಮಾತು: ‘ಪೇಮೆಂಟ್ ಇಲ್ಲ ಸರ್, ಆದರೆ ಒಳ್ಳೆ ಎಕ್ಸ್‌ಪೋಶರ್ ಸಿಗುತ್ತೆ.’ ಶಾಮಿಯಾನದವರಿಗೆ, ಲೈಟಿನವರಿಗೆ, ಊಟದವರಿಗೆ ಈ ಮಾತು ಹೇಳುವ ಧೈರ್ಯ ಯಾರಿಗೂ ಇಲ್ಲ.

ಇದನ್ನು ಸರಿಪಡಿಸಲು ಸರ್ಕಾರದ ಕಡೆ ನೋಡುತ್ತ ಕೂರಬೇಕಿಲ್ಲ. ಗಣೇಶನ ಪೆಂಡಾಲಿನಿಂದ ಹಿಡಿದು ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವದವರೆಗೆ ಯಶವಂತಪುರ, ಮತ್ತೀಕೆರೆ, ಗಂಗಾನಗರ, ಸಹಕಾರನಗರಗಳ ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ ಇರುತ್ತದೆ. ಆರ್ಕೆಸ್ಟ್ರಾದವರೂ ಕಷ್ಟಪಟ್ಟು ದುಡಿಯುವ ಕಲಾವಿದರೇ. ಅವರ ಹೊಟ್ಟೆಯ ಮೇಲೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ನಿಮ್ಮದೇ ಬಡಾವಣೆಯಲ್ಲಿ ಸ್ವಂತ ಹಾಡು ಕಟ್ಟುವ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಿ. ಜನರಿಗೆ ಗೊತ್ತಿರುವ ಸಿನಿಮಾ ಹಾಡು ಬೇಡ, ನಿನ್ನದೇ ಹಾಡು ಎಂದು ಹೇಳಿ ಕರೆಯಿರಿ. ಮುಂದಿನ ಸಾಲಿನ ಹಿರಿಯರು ಎದ್ದು ಹೋಗದಂತೆ ನೋಡಿಕೊಳ್ಳಿ. ಹಾಡು ಮುಗಿಸಿ ಇಳಿದಾಗ ಶಾಲು, ಹಾರ, ನೆನಪಿನ ಕಾಣಿಕೆಯ ಜೊತೆ ಒಪ್ಪಿದ ಸಂಭಾವನೆಯನ್ನು ಆ ರಾತ್ರಿಯೇ ಅವರ ಕೈಗೆ ಕೊಡಿ.