ಘಾಟಿನಲ್ಲಿ ನಿಂತ ಕಾರು

ಊರು ಬಿಟ್ಟು ಹೊರಗಿರುವವರಿಗೆ ಹಬ್ಬ ಶುರುವಾಗುವುದೇ ರಸ್ತೆಯ ಮೇಲೆ. ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರ್. 2018ರ ದೀಪಾವಳಿಗೆ ನಾನು, ಹೆಂಡತಿ, ಮಗಳು ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಶಿರವಳ ದಾಟಿ ಖಂಬಾಟಕಿ ಘಾಟು ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನಿಂದ ಹಬೆ. ಗಾಡಿ ಪಕ್ಕಕ್ಕೆ ಹಾಕಿ ನಿಂತೆವು.

ಒಂದು ತಾಸಿನಲ್ಲಿ ನೂರಾರು ಗಾಡಿಗಳು ಹೋದವು. ಕೊನೆಗೆ ಬೈಕಿನ ಒಬ್ಬಾತ ನಿಂತ. ಹಿಂದೆ ಆಕಾಶಬುಟ್ಟಿ, ಸಿಹಿಯ ಡಬ್ಬಿ ಕಟ್ಟಿಕೊಂಡಿದ್ದ. ನಾನು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ; ಕೈ ಹಿಡಿದು ತಡೆದ. ಬಿಸಿಯಿದ್ದಾಗ ತೆಗೆದರೆ ಒಳಗೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಆರಿದ ಮೇಲೆ ನೋಡಿದರೆ ರಬ್ಬರ್ ಹೋಸ್ ಪೈಪು ಸೀಳಿತ್ತು. ಅದನ್ನು ಬಿಚ್ಚಿ, ನನ್ನಿಂದ 500 ರೂಪಾಯಿ ಇಸಕೊಂಡು, "ತರ್ತೀನಿ" ಎಂದು ಮರಾಠಿಯಲ್ಲಿ ಹೇಳಿ ಹೋದ.

ಮುಂದಿನ ಎರಡೂವರೆ ತಾಸು ನಾನು ಏನು ಯೋಚಿಸಿದೆ ಎಂಬುದನ್ನು ಮುಚ್ಚಿಡಬಾರದು. ದುಡ್ಡು ಹೋಯಿತು, ಪೈಪೂ ಹೋಯಿತು ಅಂದುಕೊಂಡೆ. ಬೈಕಿನ ನಂಬರು ಬರೆದುಕೊಳ್ಳಲಿಲ್ಲವಲ್ಲ ಎಂದು ಹೆಂಡತಿಯ ಮೇಲೆ ಸಿಡುಕಿದೆ. ಇಪ್ಪತ್ತು ವರ್ಷ ಆ ನಾಡಿನ ಅನ್ನ ಉಂಡವನ ಮಾತು ಇದು.

ಆತ ಬಂದ. ಘಾಟು ಆಗ ಏಕಮುಖ ರಸ್ತೆ. ಪುಣೆಯ ಕಡೆಯಿಂದ ಹತ್ತಿದವನು ಅದೇ ದಾರಿಯಲ್ಲಿ ವಾಪಸು ಇಳಿಯುವಂತಿಲ್ಲ. ಹಾಗಾಗಿ ಆಚೆ ಇಳಿದು, ವಾಯಿಯವರೆಗೆ ಹೋಗಿ, ಹಬ್ಬದ ದಿನ ತೆರೆದಿದ್ದ ಅಂಗಡಿ ಹುಡುಕಿ, ಸುರಂಗದಿಂದ ಈಚೆ ಬಂದು, ಮತ್ತೆ ಘಾಟು ಹತ್ತಿ ಬಂದಿದ್ದ. ಪೈಪು ಹಾಕಿ, ಕ್ಲಾಂಪು ಬಿಗಿದು, ನೀರು ತುಂಬಿಸಿ, ಬಿಲ್ಲಿನ ಜೊತೆ ಉಳಿದ 60 ರೂಪಾಯಿಯನ್ನೂ ಕೈಗಿಟ್ಟ. ನಾನು ಕೊಡಹೋದ ದುಡ್ಡು ಮುಟ್ಟಲಿಲ್ಲ. "ಗಾವಾಲಾ ಚಾಲ್ಲಾತ್ ನಾ?" ಎಂದ. ಊರಿಗೆ ಹೊರಟೀರಲ್ಲ, ಅಷ್ಟೇ. ಯಾವ ಊರು, ಯಾವ ರಾಜ್ಯ ಎಂದು ಕೇಳಲಿಲ್ಲ.

ಕಾಗಲ್ ದಾಟಿ, ದೂಧಗಂಗೆಯ ಸೇತುವೆ ಮುಗಿದು, ಕನ್ನಡ ಬೋರ್ಡು ಕಂಡಾಗ "ಇನ್ನೇನು ಹೆದರಿಕಿಲ್ಲ, ನಮ್ಮ ಮಂದಿ" ಎಂದೆ. ರಾತ್ರಿ ಹತ್ತರ ಮೇಲೆ, ಕಿತ್ತೂರು ದಾಟಿದ ಮೇಲೆ, ಪಕ್ಕದಲ್ಲೊಂದು ಕಾರು ಬಾನೆಟ್ ತೆಗೆದು ನಿಂತಿತ್ತು. ನಮ್ಮದರ ಹಾಗೆಯೇ ಎಂಎಚ್ 12. ಒಬ್ಬ ಗಂಡಸು ಕೈ ಬೀಸಿದ. ಒಳಗೆ ಯಾರೋ ಹೆಂಗಸು ಇದ್ದಂತೆ ಕಂಡಿತು.

"ನಿಂದರಸ್ರೀ" ಎಂದಳು ಹೆಂಡತಿ.

"ಅವ್ವ ಕಾಯಾಕತ್ತಾಳ" ಎಂದು ನಾನು ಕಾಲು ಒತ್ತಿದೆ.

ಮನೆ ಮುಟ್ಟಿದ ಮೇಲೆ ಅವ್ವನಿಗೆ ಘಾಟಿನ ಕಥೆ ಹೇಳಿದೆ. "ದೇವರಂಥಾ ಮನಷ್ಯಾ. ಅವನ ಋಣಾ ಹೆಂಗ ತೀರಸ್ತೀಪಾ?" ಎಂದಳು. ಮಗಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ದೇವ, ಋಷಿ, ಪಿತೃ ಋಣಗಳನ್ನು ನಾವೆಲ್ಲ ಕೇಳಿದ್ದೇವೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೂ ಇದೆ: ಮನುಷ್ಯ ಋಣ. ಮಂದಿಗೆ ಇಳಿಯಲು ಜಾಗ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕಂತೆ. ಯಾರಿಂದ ಪಡೆದೆವೋ ಅವರಿಗೇ ಕೊಡಬೇಕೆಂದಿಲ್ಲ, ಬಂದವರಿಗೆ ಕೊಡಬೇಕು. ಘಾಟಿನ ಆ ಮನುಷ್ಯನ ಹೆಸರೂ ನನಗೆ ಗೊತ್ತಿಲ್ಲ. ಅವನ ಋಣ ತೀರಿಸುವ ಜಾಗ ಕಿತ್ತೂರಿನ ಆಚೆ ಇತ್ತು. ನಾಲ್ಕೈದು ತಾಸಿನೊಳಗೇ ಎದುರಿಗೆ ಬಂದಿತ್ತು.

ನನ್ನ ಕಡೆಗೂ ಮಾತಿದೆ. ರಾತ್ರಿ, ಸಂಸಾರ ಜೊತೆಗೆ, ಕೆಟ್ಟ ಗಾಡಿಯ ನೆಪ ಮಾಡಿ ದೋಚುವವರ ಸುದ್ದಿ ಓದಿದ್ದೇವೆ. ಹೆದರಿಕೆ ತಪ್ಪಲ್ಲ, ಹೆಂಡತಿ ಮಕ್ಕಳನ್ನು ಅಪಾಯಕ್ಕೆ ಒಡ್ಡಿ ಧರ್ಮ ಮಾಡು ಎಂದು ಯಾರೂ ಹೇಳಲಾರರು. ಆದರೆ ಹೆದರಿಕೆ ನಿಲ್ಲುವುದನ್ನಷ್ಟೇ ತಡೆಯುತ್ತದೆ. ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನು ಮಾಡುವುದನ್ನು ತಡೆಯುವುದಿಲ್ಲ. ಕಿತ್ತೂರಿನ ಆಚೆ ಇಂಥ ಗಾಡಿ ನಿಂತಿದೆ ಎನ್ನಲು ಎರಡು ನಿಮಿಷ ಸಾಕಿತ್ತು. ಅದನ್ನೂ ಮಾಡಲಿಲ್ಲ. ಅಂದಮೇಲೆ ನನ್ನನ್ನು ಓಡಿಸಿದ್ದು ಹೆದರಿಕೆಯಲ್ಲ, ಮನೆ ಹತ್ತಿರ ಬಂದಿದೆ ಎಂಬ ಸಮಾಧಾನ. ಅವ್ವ ಕಾಯುತ್ತಿದ್ದುದು ನಿಜ. ಆಕಾಶಬುಟ್ಟಿ ಕಟ್ಟಿಕೊಂಡು ಹೊರಟವನ ಮನೆಯಲ್ಲೂ ಯಾರೋ ಕಾಯುತ್ತಿದ್ದರು.

ಹೊರನಾಡಿನಲ್ಲಿ ಇರುವ ನಮಗೆ ಒಂದು ಗುಣ ಬಂದುಬಿಡುತ್ತದೆ. ಅಲ್ಲಿ ನಾವು ಅತಿಥಿಗಳು, ಅಲ್ಲಿಯವರು ನಮ್ಮನ್ನು ಸಂಭಾಳಿಸಬೇಕು. ಇಲ್ಲಿ ನಾವು ಮನೆಯ ಮಗ, ಇಲ್ಲಿಯವರೂ ನಮ್ಮನ್ನೇ ಉಪಚರಿಸಬೇಕು. ಎರಡೂ ಕಡೆ ಪಡೆಯುವವರೇ. ಊರು ನಮ್ಮದು ಅನ್ನುವುದಾದರೆ ಊರಿನ ರಸ್ತೆಯಲ್ಲಿ ಸಿಕ್ಕಿಬಿದ್ದ ಪರವೂರಿನವನಿಗೆ ನಾವೇ ಮನೆಯವರು. ಆ ರಾತ್ರಿ ಕಿತ್ತೂರಿನ ಆಚೆ ನಾನು ಮನೆಯವನಾಗಲಿಲ್ಲ.

ಈಗ ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಹೋಸ್ ಪೈಪು, ನಾಲ್ಕು ಕ್ಲಾಂಪು ಇರುತ್ತವೆ. ಎರಡು ಸಲ ಬೇರೆಯವರಿಗೆ ಉಪಯೋಗಕ್ಕೂ ಬಂದಿವೆ. ಕಿತ್ತೂರಿನ ಆ ಕಾರಿಗೆ ಮಾತ್ರ ಇವು ಇನ್ನು ತಲುಪುವುದಿಲ್ಲ.