ಮೂಕಪ್ರಾಣಿಗಳ ಸ್ಮರಣೆ: ಮೋಹವೋ, ಧರ್ಮವೋ?

ಜೀರ್ಣವಾದ ಮನೆಯನ್ನು ದುರಸ್ತಿ ಮಾಡಿಸುವುದು ಗೃಹಸ್ಥನ ಕರ್ತವ್ಯಗಳಲ್ಲೊಂದು. ಹುಬ್ಬಳ್ಳಿ ಧಾರವಾಡಗಳ ನಡುವಿನ ನಮ್ಮ ಅಮರಗೋಳದಲ್ಲಿ ಈ ಕಾರ್ಯವು ಬಹುಕಾಲದಿಂದ ನಡೆದೇ ಇದೆ. 1962ರಲ್ಲಿ ಎರಡೂ ನಗರಗಳು ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ನವನಗರ ಬೆಳೆಯಿತು, ಕೃಷಿ ಮಾರುಕಟ್ಟೆಯ ಪ್ರಾಂಗಣ ಬಂದಿತು. ಶಂಕರಲಿಂಗನ ಗುಡಿಯ ಆಸುಪಾಸಿನ ಮಣ್ಣಿನ ಮೇಲ್ಮುದ್ದೆಯ ಮನೆಗಳು ಒಂದೊಂದಾಗಿ ಕಾಂಕ್ರೀಟಿನವಾಗುತ್ತ ಬಂದವು. ಹೀಗೆ ಕೆಡವುವಾಗ ಹೊರಬೀಳುವ ವಸ್ತುಗಳಲ್ಲಿ ಹಿರಿಯರ ಪಂಚಾಂಗ, ತೂತುಬಿದ್ದ ತಾಮ್ರದ ಗಿಂಡಿ, ತುಂಬಿಹೋದ ಹಗೇವು ಇವುಗಳ ವಿಷಯದಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಇಡತಕ್ಕದ್ದನ್ನು ಇಡುತ್ತೇವೆ, ಕೊಡತಕ್ಕದ್ದನ್ನು ಕೊಡುತ್ತೇವೆ. ಸಂಶಯ ಬರುವುದು ಮೂಕಪ್ರಾಣಿಗಳು ಬಿಟ್ಟುಹೋದ ಗುರುತುಗಳ ವಿಷಯದಲ್ಲಿ. ಗೋಡೆಯೊಳಗೆ ಸೇರಿಹೋದ ಗೋದಲಿ, ಸವೆದ ಕೊರಳಗಂಟೆ, ದಾವಣಿಯ ಗೂಟ ಇವನ್ನು ಏನು ಮಾಡಬೇಕು? ಇವುಗಳನ್ನು ಕಂಡು ಕಣ್ಣು ತೇವವಾದರೆ ಅದು ತಪ್ಪೇ? ಮೇಲುನೋಟಕ್ಕೆ ಸಣ್ಣದೆನಿಸುವ ಈ ಪ್ರಶ್ನೆಯು ನಮ್ಮ ಮನೆಯಲ್ಲಿಯೇ ಎರಡು ದಿನ ಗೌಂಡಿಯ ಕೆಲಸವನ್ನು ನಿಲ್ಲಿಸಿತು.

ನಡುಮನೆಯ ಹಳೆಯ ಸಿಮೆಂಟಿನ ನೆಲದ ಮೇಲೆ ಎಷ್ಟೋ ವರ್ಷಗಳಿಂದ ಒಂದು ಕಪಾಟು ನಿಂತಿತ್ತು. ಅದನ್ನು ಸರಿಸಿದಾಗ ಕೆಳಗೆ ಬೆರಳಿನಿಂದ ಬರೆದ ಶ್ರೀಕಾರ, 1974 ಎಂಬ ಅಂಕೆ, ಅದರ ಪಕ್ಕದಲ್ಲಿ ಎಳೆಗರುವಿನ ಎರಡು ಗೊರಸುಗಳ ಅಚ್ಚು ಕಂಡವು. ನೆಲ ಹಸಿಯಿದ್ದಾಗ ತುಂಗಿಯ ಕರು ಹಗ್ಗ ಬಿಡಿಸಿಕೊಂಡು ಒಳಗೆ ನುಗ್ಗಿತ್ತೆಂದು ತಂದೆಯವರು ಹೇಳಿದರು. ಆಗ ಅವರು ಬಾಲಕರು. ಆ ಹಸುವನ್ನು ನಾನು ಕಂಡವನಲ್ಲ. ಆದರೆ ಹಿತ್ತಲಿನ ಮಣ್ಣಿನಲ್ಲಿ ದೊರೆತ ಕಲ್ಲಿನ ಬಾನಿಯನ್ನು ನಾನೂ ಗುರುತಿಸಿದೆ. ಕಟ್ಟೆಯ ಕೆಳಗೆ ಮಲಗುತ್ತಿದ್ದ ಮೋತಿಗೆ ಅಜ್ಜಿಯವರು ವೈಶ್ವದೇವವಾದ ಮೇಲೆ ಅನ್ನ ಹಾಕುತ್ತಿದ್ದುದು ಅದರಲ್ಲಿಯೇ. ಮಡಿಯ ಮನೆಯಾದುದರಿಂದ ಆ ನಾಯಿ ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಅಜ್ಜಿಯವರು ಒಂದು ದಿನವೂ ಅದನ್ನು ಮುಟ್ಟಲಿಲ್ಲ. ಅದಕ್ಕೆ ಹಾಕದೆ ಒಂದು ದಿನವೂ ಉಣ್ಣಲಿಲ್ಲ.

ನೆಲವನ್ನು ಒಡೆಯಬೇಡಿರೆಂದು ತಾಯಿಯವರು ಹೇಳಿದರು. ದೊಡ್ಡಪ್ಪನವರು ಒಪ್ಪಲಿಲ್ಲ. “ಭರತಗ ಏನಾತು ಮರತ್ರೇನು? ಸಾಯೋ ಹೊತ್ತಿನ್ಯಾಗ ಚಿಗರಿಮರಿ ನೆನಸಿ ಚಿಗರಿಯಾಗಿ ಹುಟ್ಟಿದ. ನೀವು ಕರಾ ನೆನಸ್ಕೋತ ಕೂಡ್ರಿ” ಎಂದರು.

ಹಿರಿಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾಗವತದ ಪಂಚಮಸ್ಕಂಧದ ಕಥೆ ವಾಚಕರಿಗೆ ವಿದಿತವೇ ಆಗಿದೆ. ರಾಜ್ಯವನ್ನೂ ಮಕ್ಕಳನ್ನೂ ತೊರೆದುಬಂದ ಭರತನು ಗಂಡಕಿಯ ತೀರದಲ್ಲಿದ್ದಾಗ, ಸಿಂಹಗರ್ಜನೆಗೆ ಬೆದರಿದ ಗರ್ಭಿಣಿ ಹರಿಣಿಯು ಹೊಳೆಯನ್ನು ಹಾರಿತು. ಮರಿ ಪ್ರವಾಹದಲ್ಲಿ ಬಿದ್ದಿತು, ತಾಯಿ ಸತ್ತಿತು. ಭರತನು ಮರಿಯನ್ನು ಎತ್ತಿ ತಂದನು. ಅಲ್ಲಿಂದ ಅವನ ಪತನ. ಸಾಮಾನ್ಯವಾಗಿ ನಾವು ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ಪ್ರಾಣಿಗಳ ಮೇಲೆ ಪ್ರೀತಿ ಬೇಡ ಎಂಬ ಅರ್ಥ ಮಾಡಿಬಿಡುತ್ತೇವೆ. ಆದರೆ ಮರಿಯನ್ನು ನೀರಿನಿಂದ ಎತ್ತಿದ್ದು ತಪ್ಪೆಂದು ಭಾಗವತವು ಎಲ್ಲಿಯೂ ಹೇಳುವುದಿಲ್ಲ. ಅದನ್ನು ಕರುಣೆಯೆಂದೇ ಹೇಳುತ್ತದೆ. ಅನಂತರ ಅದು ದೋಷವೆಂದು ಎತ್ತಿ ತೋರಿಸುವುದು ಬೇರೆಯದನ್ನು: ಯಮನಿಯಮಗಳು, ಭಗವಂತನ ಪೂಜೆ ಇವು ಒಂದೊಂದಾಗಿ ಕೆಲವೇ ದಿನಗಳಲ್ಲಿ ಕಳಚಿಬಿದ್ದವು. ಪೂಜೆಯ ನಡುವೆ ಎದ್ದುಹೋಗಿ ಮರಿಯನ್ನು ನೋಡಿಬರುವಂತಾಯಿತು. ದೋಷವಿದ್ದುದು ಮರಿಯಲ್ಲಿ ಅಲ್ಲ, ಹರಿಯ ಸ್ಥಾನದಲ್ಲಿ ಅದನ್ನು ಕೂಡಿಸಿದ್ದರಲ್ಲಿ. ಹಾಗೆ ಕೂಡಿಸಿದ ವಸ್ತು ಮಗನಾದರೂ ಮನೆಯಾದರೂ ಫಲವು ಅದೇ. ಹೊಸ ಮನೆಯ ನಕ್ಷೆಯನ್ನು ಜಪದ ಹೊತ್ತಿನಲ್ಲಿ ಧ್ಯಾನಿಸುವವರಿಗೆ ಯಾರೂ ಭರತನ ಕಥೆಯನ್ನು ಹೇಳುವುದಿಲ್ಲವೆಂಬುದು ಆಶ್ಚರ್ಯ!

ಇನ್ನೊಂದು ಪಕ್ಕದಲ್ಲಿ ಧರ್ಮರಾಜನಿದ್ದಾನೆ. ಮಹಾಪ್ರಸ್ಥಾನದಲ್ಲಿ ಹಸ್ತಿನಾವತಿಯಿಂದ ಹೊರಟ ಆರು ಜನರ ಹಿಂದೆ ಏಳನೆಯದಾಗಿ ಒಂದು ನಾಯಿ ನಡೆಯಿತು. ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು. ಯುಧಿಷ್ಠಿರನು ಹಿಂದಿರುಗಿ ನೋಡಲಿಲ್ಲ. ಕೊನೆಗೆ ಇಂದ್ರನು ರಥವನ್ನು ತಂದು, ನಾಯಿಯನ್ನಿಟ್ಟುಕೊಂಡವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಇದನ್ನು ಬಿಟ್ಟು ಬಾ ಎಂದನು. ನಾಯಿಯ ದೃಷ್ಟಿ ಬಿದ್ದರೆ ಹೋಮದಾನಗಳ ಪುಣ್ಯವೂ ಹೋಗುತ್ತದೆಂದು ಕಾರಣವನ್ನೂ ಕೊಟ್ಟನು. ಇದು ನಮ್ಮ ಮಡಿಯ ಮಾತೇ. ಯುಧಿಷ್ಠಿರನು ಆ ನಿಯಮವನ್ನು ಸುಳ್ಳೆನ್ನಲಿಲ್ಲ. ನಂಬಿ ಬಂದುದನ್ನು ಕೈಬಿಡುವುದು ಶರಣಾಗತನನ್ನು ಒಪ್ಪಿಸುವುದಕ್ಕೆ, ಸ್ತ್ರೀವಧೆಗೆ, ಬ್ರಹ್ಮಸ್ವದ ಅಪಹಾರಕ್ಕೆ, ಮಿತ್ರದ್ರೋಹಕ್ಕೆ ಸಮಾನವೆಂದನು. ತಮ್ಮಂದಿರನ್ನೇ ಬಿಟ್ಟುಬಂದ ನಿನಗೆ ನಾಯಿ ಹೆಚ್ಚಾಯಿತೆ ಎಂದು ಇಂದ್ರನು ಕೇಳಿದ್ದಕ್ಕೆ, ಸತ್ತವರನ್ನು ಬದುಕಿಸುವುದು ನನ್ನಿಂದಾಗದು, ಅವರು ಬದುಕಿದ್ದಾಗ ನಾನು ಬಿಟ್ಟವನಲ್ಲ ಎಂಬ ಉತ್ತರ ಬಂದಿತು. ನಾಯಿಯು ತನ್ನ ನಿಜರೂಪವನ್ನು ತೋರಿದಾಗ ಅಲ್ಲಿದ್ದವನು ಧರ್ಮನೇ. ನಮ್ಮ ಸಿದ್ಧಾಂತದಂತೆ ಯುಧಿಷ್ಠಿರನೂ ಯಮಧರ್ಮನ ಅವತಾರವೇ ಆದುದರಿಂದ, ಅಲ್ಲಿ ಧರ್ಮವು ತನ್ನನ್ನು ತಾನೇ ಒರೆಗೆ ಹಚ್ಚಿಕೊಂಡಿತೆನ್ನಬೇಕು.

ಭರತನಿಗೂ ಧರ್ಮರಾಜನಿಗೂ ಇರುವ ಅಂತರವು ಪ್ರೀತಿಯ ಪ್ರಮಾಣದಲ್ಲಿಲ್ಲ. ಒಬ್ಬನಲ್ಲಿ ಅದು ಕರ್ತವ್ಯವನ್ನು ನುಂಗಿತು, ಇನ್ನೊಬ್ಬನಲ್ಲಿ ಕರ್ತವ್ಯವೇ ಆಯಿತು. ಆದರೆ ಧರ್ಮರಾಜನ ಉತ್ತರದಿಂದ ನಮ್ಮ ಪ್ರಶ್ನೆಯು ಇನ್ನಷ್ಟು ಕಠಿನವಾಗುತ್ತದೆ. ಬದುಕಿರುವುದನ್ನು ಬಿಡಬಾರದು, ಸರಿ. ಸತ್ತುಹೋದುದರ ವಿಷಯದಲ್ಲಿ ಏನು? ಗೊರಸಿನ ಅಚ್ಚಿಗೆ ಹುಲ್ಲು ಬೇಕಿಲ್ಲ. ಸಿಂಧೂ ಕಣಿವೆಯ ಚನ್ಹುದಾರೋದಲ್ಲಿ ದೊರೆತ, ನಾಲ್ಕು ಸಾವಿರ ವರ್ಷಗಳಿಗೂ ಹಳೆಯದಾದ ಒಂದು ಇಟ್ಟಿಗೆಯ ಮೇಲೆ ಬೆಕ್ಕಿನ ಮತ್ತು ಅದನ್ನು ಬೆನ್ನಟ್ಟಿದಂತಿರುವ ನಾಯಿಯ ಹೆಜ್ಜೆಗಳಿವೆ. ಆ ಪ್ರಾಣಿಗಳಿಗೆ ಇಂದು ನಾವು ಮಾಡಬೇಕಾದುದೇನೂ ಇಲ್ಲ.

ಇದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಉತ್ತರ ದೊರೆತಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವದು. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಬೂತುಗನ ಆಳು ಮಣಲೇರನು ಪರಾಕ್ರಮವನ್ನು ತೋರಿ, ಮೆಚ್ಚಿದ ಪ್ರಭುವಿನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪ ಹತ್ತಲಿ ಎಂಬ ಶಾಪವೂ ಅದರಲ್ಲಿದೆ.

ಪೂಜೆಯ ಮಾತನ್ನು ನಾವು ಹಾಗೆಯೇ ತೆಗೆದುಕೊಳ್ಳಲಾಗದು. ನಮಗೆ ಪೂಜ್ಯನು ಶ್ರೀಹರಿಯೊಬ್ಬನೇ. ಆದರೆ ಮಣಲೇರನು ತನ್ನ ದುಃಖವನ್ನು ಏನು ಮಾಡಿದನೆಂಬುದನ್ನು ಗಮನಿಸತಕ್ಕದ್ದು. ಅವನು ಅದನ್ನು ಒಂದು ನಿತ್ಯನಿಯಮವನ್ನಾಗಿ ಮಾರ್ಪಡಿಸಿದನು, ಅದಕ್ಕೆ ಗದ್ದೆಯ ಆಧಾರವನ್ನು ಕೊಟ್ಟನು, ಊಟಕ್ಕೆ ಮೊದಲು ಎಂದು ಹೊತ್ತನ್ನು ಗೊತ್ತುಮಾಡಿದನು. ಭರತನ ಸ್ಮರಣೆಯು ಇದ್ದ ನಿಯಮಗಳನ್ನು ಕಳೆಯಿತು, ಮಣಲೇರನದು ಇಲ್ಲದ ನಿಯಮವೊಂದನ್ನು ಕೂಡಿಸಿತು. ನಮ್ಮ ನೆನಪು ಯಾವ ಜಾತಿಯದೆಂದು ತಿಳಿಯಲು ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಕಾಣದು.

ಪ್ರಾಣಿಯ ನೆನಪು ಮಾಧ್ವರಿಗೆ ತೀರ ಹೊರಗಿನದೂ ಅಲ್ಲ. ಶ್ರೀಮದಾಚಾರ್ಯರ ಗ್ರಂಥಗಳನ್ನು ಹೊತ್ತು ನಡೆದು ಪಾಠವನ್ನು ಕೇಳಿದ ಎತ್ತೇ ಮುಂದೆ ಟೀಕಾಚಾರ್ಯರಾಗಿ ಅವತರಿಸಿತೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಜೀವಜೀವರಿಗೆ ಭೇದವುಂಟು. ಗೊರಸೂ ಬಾಲವೂ ದೇಹಕ್ಕೆ ಸೇರಿದವು, ಒಳಗಿನ ಜೀವನ ಯೋಗ್ಯತೆಯನ್ನು ಬಿಂಬರೂಪಿಯಾದ ಭಗವಂತನೇ ಬಲ್ಲ. ಕಟ್ಟೆಯ ಕೆಳಗೆ ಮಲಗಿದ್ದವನು ಯಾರೆಂದು ನಮಗೇನು ಗೊತ್ತು? ತರ್ಪಣದ ಕೊನೆಯಲ್ಲಿ ಬಂಧುಗಳಿಗೆ, ಬಂಧುಗಳಲ್ಲದವರಿಗೆ, ಬೇರೆ ಜನ್ಮದಲ್ಲಿ ಬಂಧುಗಳಾಗಿದ್ದವರಿಗೆ ಎಂದು ನೀರು ಬಿಡುತ್ತೇವಷ್ಟೆ. ಅರ್ಥವನ್ನು ಯೋಚಿಸಿ ಬಿಟ್ಟರೆ ಆ ನೀರು ಎಲ್ಲಿಯವರೆಗೆ ಹೋಗುತ್ತದೆಂಬುದು ತಿಳಿದೀತು.

ನಮ್ಮ ಮನೆಯಲ್ಲಿ ಕಡೆಗೆ ನೆಲವನ್ನು ಒಡೆಯಲೇಬೇಕಾಯಿತು. ಅಡಿಯಲ್ಲಿ ನೀರಿನ ಕೊಳವೆ ಹಾಯಬೇಕಿತ್ತು. ಅದರಲ್ಲಿ ಅಧರ್ಮವಿದೆಯೆಂದು ನನಗೆ ಅನಿಸುವುದಿಲ್ಲ. ತಾಯಿಯವರಿಗೆ ಅನಿಸುತ್ತದೆ. ಬಾನಿಯ ವಿಷಯದಲ್ಲಿ ಮಾತ್ರ ದೊಡ್ಡಪ್ಪನವರೂ ಸೇರಿ ಎಲ್ಲರದೂ ಒಂದೇ ಮಾತಾಯಿತು. ಅದನ್ನು ತೊಳೆದು ಬಾಗಿಲ ಹೊರಗೆ ಇಟ್ಟು ನೀರು ತುಂಬಿಸುತ್ತಿದ್ದೇವೆ. ಬೀದಿಯ ನಾಯಿಗಳೂ ಒಂದು ಬಿಡಾಡಿ ಹಸುವೂ ಬರುತ್ತವೆ.

ನಮ್ಮ ಭಾಗದಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಯು ಮಣ್ಣೆತ್ತಿನ ಅಮಾವಾಸ್ಯೆ. ಗೋದಲಿಯಾಗಲಿ ಗೂಟವಾಗಲಿ ಉಳಿಯದ ಮನೆಗಳಲ್ಲಿಯೂ ಅಂದು ಮಣ್ಣಿನ ಜೋಡೆತ್ತುಗಳನ್ನು ತಂದು ಪೂಜಿಸಿ ನೈವೇದ್ಯ ಮಾಡುತ್ತಾರೆ. ಅದೇ ದಿನ ಸಂಜೆ ಉಳಿದ ಹೋಳಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಯ ತಿರುವಿನಲ್ಲಿ ಎಸೆಯುವುದನ್ನೂ, ದನಗಳು ಅದನ್ನು ಚೀಲಸಹಿತವಾಗಿ ನುಂಗುವುದನ್ನೂ ನೋಡುತ್ತಿದ್ದೇವೆ. ಚೀಲವು ಹಸುವಿನ ಮೊದಲ ಹೊಟ್ಟೆಯಲ್ಲಿ ಕರಗದೆ ಗಂಟಾಗಿ ನಿಲ್ಲುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಹೊರಬರುವುದಿಲ್ಲ. ಗೋಗ್ರಾಸವನ್ನು ಬಾಳೆಯೆಲೆಯಲ್ಲಿ ಹಾಕಲು ಬರುತ್ತದೆ, ಎಲೆಯನ್ನೂ ಅದು ತಿನ್ನುತ್ತದೆ.